ಹತ್ತು ವರ್ಷದಿಂದಲೇ ಶುರುಮಾಡಿ: ಕೊಡಗಿನ ಮನೆಗಳಲ್ಲಿ ಮಗ-ಮಗಳನ್ನು ದೊಡ್ಡವರನ್ನಾಗಿ ಬೆಳೆಸುವ ಬಗೆ

ಮೈ ಬೆಳೆಯುವುದನ್ನು ಯಾರೂ ಕಲಿಸಬೇಕಿಲ್ಲ, ಹೊತ್ತು ಬಂದಾಗ ತಾನೇ ಶುರುವಾಗುತ್ತದೆ. ಊಟವಾದ ಮೇಲೆ ತಟ್ಟೆ ಎತ್ತುವವರು ಯಾರು, ಕಾಫಿ ಮಾರಿದ ಚೀಟಿ ಓದುವವರು ಯಾರು, ಅಳಬಹುದಾದವರು ಯಾರು, ಸಂಜೆ ಏಳರ ಮೇಲೂ ಹೊರಗಿರಬಹುದಾದವರು ಯಾರು ಎನ್ನುವುದೆಲ್ಲ ಮಾತ್ರ ಮನೆಯಲ್ಲಿ ಕಲಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19ರವರೆಗಿನ ವಯಸ್ಸನ್ನು ಹದಿಹರೆಯ ಎನ್ನುತ್ತದೆ. ಈ ಹತ್ತು ವರ್ಷದಲ್ಲಿ ಮೈಯೂ ಬದಲಾಗುತ್ತದೆ, ಗಂಡು ಹೀಗೆ ಹೆಣ್ಣು ಹೀಗೆ ಎಂಬ ಪಾಠವೂ ಗಟ್ಟಿಯಾಗುತ್ತದೆ. ಮಗಳಿಗೆ ಮೈಯ ವಿಷಯ ಅರ್ಧ ಹೇಳಿ ಮನೆಗೆಲಸ ಪೂರ್ತಿ ಕಲಿಸುತ್ತೇವೆ, ಮಗನಿಗೆ ಎರಡನ್ನೂ ಹೇಳದೆ ಬಿಡುತ್ತೇವೆ. ತೋಟದ ಮನೆಯಿರಲಿ, ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಯಿರಲಿ, ಮಡಿಕೇರಿ ಪೇಟೆಯ ಬಾಡಿಗೆ ಮನೆಯಿರಲಿ, ಸರಿಪಡಿಸಬೇಕಾದದ್ದು ಇದನ್ನೇ.

ಮೈಯ ಲೆಕ್ಕ

ಹೆಣ್ಣುಮಕ್ಕಳಲ್ಲಿ ಬದಲಾವಣೆ 8ರಿಂದ 13ರ ನಡುವೆ ಕಾಣಿಸಿಕೊಳ್ಳುತ್ತದೆ. ಮೊದಲ ಗುರುತು ಎದೆಯಲ್ಲಿ ಸಣ್ಣ ಗಂಟಿನಂತಹ ಊತ. ಎಷ್ಟೋ ಸಲ ಒಂದು ಬದಿಯಲ್ಲಿ ಮೊದಲು ಬಂದು, ಮುಟ್ಟಿದರೆ ನೋಯುತ್ತದೆ. ಅದು ರೋಗವಲ್ಲ. ಅಲ್ಲಿಂದ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು. ಹಾಗಾಗಿ ಎದೆ ಚಿಗುರಿದ್ದು ಕಂಡ ತಿಂಗಳಲ್ಲೇ ಮುಟ್ಟಿನ ಬಗ್ಗೆ ಹೇಳಿ, ಮೈನೆರೆದ ದಿನ ಹೇಳೋಣ ಎಂದು ಕಾಯಬೇಡಿ. ಶಾಲೆಯ ಬಸ್ಸಿನಲ್ಲಿ ರಕ್ತ ಕಂಡು ಹೆದರಿದ ಹುಡುಗಿಗೆ ಆಮೇಲೆ ಏನು ಹೇಳಿದರೂ ಆ ಹೆದರಿಕೆ ಸುಲಭಕ್ಕೆ ಹೋಗುವುದಿಲ್ಲ.

ಗಂಡುಮಕ್ಕಳಲ್ಲಿ ಶುರುವಾಗುವುದು 9ರಿಂದ 14ರ ನಡುವೆ. ಮೊದಲು ದೊಡ್ಡದಾಗುವುದು ವೃಷಣ, ಆಮೇಲೆ ಕೂದಲು, ಎತ್ತರ, ಗಂಟಲು ಒಡೆಯುವುದು, ಕೊನೆಗೆ ಮೀಸೆ. ಎತ್ತರದ ಜಿಗಿತ ಹುಡುಗಿಯರಿಗೆ ಬಂದು ಸುಮಾರು ಎರಡು ವರ್ಷದ ನಂತರ ಹುಡುಗರಿಗೆ ಬರುತ್ತದೆ. ಆ ಹೊತ್ತಿನಲ್ಲಿ ವರ್ಷಕ್ಕೆ 8ರಿಂದ 10 ಸೆಂ.ಮೀ. ಬೆಳೆಯುವುದು ಸಹಜ. ಏಳನೇ ತರಗತಿಯಲ್ಲಿ ಹುಡುಗಿಯರೇ ಎತ್ತರ ಕಾಣುವುದಕ್ಕೆ ಇದೇ ಕಾರಣ. ಬಾಗಿಲ ಚೌಕಟ್ಟಿನ ಮೇಲೆ ಆರು ತಿಂಗಳಿಗೊಮ್ಮೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಡಿ. ವೈದ್ಯರ ಹತ್ತಿರ ಹೋಗಬೇಕಾಗಿ ಬಂದರೆ ಆ ಗೆರೆಗಳು ಬಹಳ ಉಪಯೋಗಕ್ಕೆ ಬರುತ್ತವೆ.

ವೈದ್ಯರಿಗೆ ತೋರಿಸಬೇಕಾದ ಗಡಿ ಇಷ್ಟು: ಹುಡುಗಿಗೆ 8ಕ್ಕೆ ಮೊದಲು, ಹುಡುಗನಿಗೆ 9ಕ್ಕೆ ಮೊದಲು ಬದಲಾವಣೆ ಶುರುವಾದರೆ, ಹುಡುಗಿಗೆ 13 ತುಂಬಿದರೂ ಎದೆ ಚಿಗುರದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ, ಹುಡುಗನಿಗೆ 14 ತುಂಬಿದರೂ ಏನೂ ಕಾಣದಿದ್ದರೆ. ಇದರ ನಡುವೆ ಪಕ್ಕದ ಮನೆಯ ಮಗುವಿಗಿಂತ ಎರಡು ವರ್ಷ ಹಿಂದೆ ಮುಂದೆ ಇದ್ದರೆ ಚಿಂತೆ ಬೇಡ.

ಮಗಳಿಗೆ ಹೇಳಬೇಕಾದದ್ದು, ಮಗನಿಗೂ ಹೇಳಬೇಕಾದದ್ದು

ಒಂದೇ ದಿನ ಕೂರಿಸಿ ಉಪನ್ಯಾಸ ಕೊಟ್ಟರೆ ಮಕ್ಕಳು ತಲೆ ತಗ್ಗಿಸಿ ಎದ್ದು ಹೋಗುತ್ತಾರೆ. ಕೈಗೆ ಕೆಲಸವಿರುವಾಗ, ಬಟಾಣಿ ಸುಲಿಯುವಾಗಲೋ ಜೀಪಿನಲ್ಲಿ ಹೋಗುವಾಗಲೋ, ಐದು ನಿಮಿಷ ಮಾತಾಡಿ ಬಿಡಿ. ಮುಖ ನೋಡದೆ ಕೇಳುವುದು ಮಕ್ಕಳಿಗೆ ಸುಲಭ. "ನೋಡು ಮಗಳೇ, ಇನ್ನೊಂದೆರಡು ವರ್ಷದಲ್ಲಿ ನಿನಗೆ ಮುಟ್ಟು ಶುರುವಾಗಬಹುದು. ರಕ್ತ ಕಂಡರೆ ಗಾಯವಲ್ಲ. ಬ್ಯಾಗಿನಲ್ಲಿ ಇದನ್ನು ಇಟ್ಟುಕೋ, ಟೀಚರ್ ಹತ್ತಿರ ಹೇಳು." ಮೊದಲ ಸಲಕ್ಕೆ ಇಷ್ಟು ಸಾಕು. ಬ್ಯಾಗಿನಲ್ಲಿ ಎರಡು ಪ್ಯಾಡ್, ಒಂದು ಒಳಚಡ್ಡಿ, ಹಳೆ ಪತ್ರಿಕೆ, ಒಂದು ಗಟ್ಟಿ ಕವರ್ ಇರಲಿ.

ಮೊದಲ ಎರಡು-ಮೂರು ವರ್ಷ ಮುಟ್ಟು 21ರಿಂದ 45 ದಿನಕ್ಕೊಮ್ಮೆ ಬರಬಹುದು, 2ರಿಂದ 7 ದಿನ ಇರಬಹುದು. ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಚುಕ್ಕಿ ಹಾಕುವ ಅಭ್ಯಾಸ ಮಾಡಿಸಿ. ಗಂಟೆಗೊಂದು ಪ್ಯಾಡ್ ನೆನೆದು ಎರಡು ಗಂಟೆಗೂ ಮೀರಿ ಹಾಗೇ ಮುಂದುವರಿದರೆ, ಏಳು ದಿನ ದಾಟಿದರೆ, ಪ್ರತಿ ತಿಂಗಳೂ ನೋವಿಗೆ ಶಾಲೆ ತಪ್ಪುವಂತಾದರೆ "ಹೆಣ್ಣಿಗೆ ಇದೆಲ್ಲ ಇದ್ದದ್ದೇ" ಎನ್ನದೆ ವೈದ್ಯರ ಬಳಿ ಕರೆದೊಯ್ಯಿರಿ.

ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆ ಬಳಸುವವರಿಗೆ ಕೊಡಗಿನಲ್ಲಿ ತೊಂದರೆ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬಿಸಿಲಿನಲ್ಲಿ ಒಣಗಿಸಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ವಾರಗಟ್ಟಲೆ ಬಿಸಿಲೇ ಕಾಣದ ಆಟಿ ತಿಂಗಳಲ್ಲಿ ಏನು ಮಾಡುವುದು? ಮಳೆಗಾಲಕ್ಕೆ ಬಟ್ಟೆಯ ಸಂಖ್ಯೆಯನ್ನು ಹೆಚ್ಚಿಸಿ, ಎಂಟು-ಹತ್ತು ತುಂಡಾದರೂ ಬೇಕು. ತಣ್ಣೀರಿನಲ್ಲಿ ನೆನೆಸಿ, ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಸೋಪು ಹಚ್ಚಿ ಉಜ್ಜಿ, ನೀರು ತಿಳಿಯಾಗುವವರೆಗೆ ಹಿಂಡಿ. ಬೇರೆ ಬಟ್ಟೆಯ ಅಡಿಗೆ ಮರೆಮಾಡಿ ಹರವಿದರೆ ಒಣಗುವುದೇ ಇಲ್ಲ. ಒಲೆಯ ಪಕ್ಕದ ಹಗ್ಗದಲ್ಲಿ ಎಲ್ಲರ ಬಟ್ಟೆಯ ಜೊತೆಗೇ ಹರವಿ, ಆಮೇಲೆ ಎರಡೂ ಬದಿಗೆ ಬಿಸಿ ಇಸ್ತ್ರಿ ಹಾಕಿ. ಒಣಗಿದೆಯೋ ಇಲ್ಲವೋ ತಿಳಿಯಲು ಮಡಚಿ ಕೆನ್ನೆಗೆ ಒತ್ತಿ ನೋಡಿ, ತಂಪು ಹತ್ತಿದರೆ ಇನ್ನೂ ತೇವವಿದೆ. ತೇವದ ಬಟ್ಟೆಯಿಂದ ತೊಡೆಸಂದಿಯಲ್ಲಿ ತುರಿಕೆ, ಹುಣ್ಣು ಆಗುತ್ತದೆ. ಹುಡುಗಿ ನಾಚಿಕೊಂಡು ಹೇಳುವುದಿಲ್ಲ, ನಡಿಗೆ ನೋಡಿಯೇ ತಿಳಿಯಬೇಕು. ಪ್ಯಾಡನ್ನು ತೋಡಿಗೆ ಎಸೆಯಬಾರದು, ನಮ್ಮ ತೋಡುಗಳು ಹೋಗಿ ಸೇರುವುದು ಹೊಳೆಗೆ. ಕಾಫಿ ತೋಟದಲ್ಲಿ ಮೇಲುಮೇಲೆ ಹೂತರೆ ನಾಯಿ, ಹಂದಿ ಕೆದರುತ್ತವೆ. ಕಾಗದದಲ್ಲಿ ಸುತ್ತಿ ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಿ.

ಮುಟ್ಟಾದವಳನ್ನು ನೆಲ್ಲಕ್ಕಿ ನಡುಬಾಡೆಗೆ (ಕೊಡವ ಮನೆಯಲ್ಲಿ ದೀಪವಿಡುವ ನಡುಮನೆಗೆ), ದೇವರ ಕೋಣೆಗೆ ಬಿಡುವುದೋ ಬೇಡವೋ ಎನ್ನುವುದು ಆಯಾ ಮನೆಯ ನಂಬಿಕೆ. ಊಟ, ಸ್ನಾನ, ಬೆಚ್ಚಗಿನ ಹಾಸಿಗೆ, ಶಾಲೆ ಈ ನಾಲ್ಕಕ್ಕೆ ಮಾತ್ರ ಯಾವ ಕಾರಣಕ್ಕೂ ಕತ್ತರಿ ಬೀಳಬಾರದು. ಜುಲೈ ಚಳಿಯಲ್ಲಿ ಹುಡುಗಿಯನ್ನು ಹೊರಗಿನ ಜಗಲಿಯಲ್ಲಿ ಮಲಗಿಸುವುದು ಆರೋಗ್ಯಕ್ಕೆ ನೇರ ಅಪಾಯ.

ಇದೆಲ್ಲ ಮಗನಿಗೂ ಗೊತ್ತಿರಬೇಕು. ತಂಗಿಗೆ ಅಂಗಡಿಯಿಂದ ಪ್ಯಾಡ್ ತರುವುದು ಅವನಿಗೆ ಹಾಲು ತಂದಷ್ಟೇ ಸಲೀಸಾಗಬೇಕು.

ಮಗನಿಗೆ ಅವನ ಮೈಯ ವಿಷಯವನ್ನು ಅಪ್ಪನೋ ಮಾವನೋ ಹೇಳಿದರೆ ಒಳ್ಳೆಯದು, ಯಾರೂ ಇಲ್ಲದಿದ್ದರೆ ಅಮ್ಮನೇ ಹೇಳಬಹುದು. ಹೇಳಬೇಕಾದ್ದು ಮೂರು ಸಂಗತಿ. ರಾತ್ರಿ ನಿದ್ದೆಯಲ್ಲಿ ವೀರ್ಯ ಹೋಗುವುದು ಸಹಜ, ಅದರಿಂದ ಶಕ್ತಿ ಕುಂದುವುದಿಲ್ಲ. ಇದನ್ನು ಹೇಳದೆ ಬಿಟ್ಟ ಮನೆಯ ಹುಡುಗರೇ ಧಾತು ನಷ್ಟದ ಜಾಹೀರಾತು ನೋಡಿ ದುಡ್ಡು ಕಳೆದುಕೊಳ್ಳುವುದು. ಎರಡನೆಯದು, ಹದಿಮೂರು-ಹದಿನಾಲ್ಕರಲ್ಲಿ ಎಷ್ಟೋ ಹುಡುಗರಿಗೆ ಎದೆಯಲ್ಲಿ ಸ್ವಲ್ಪ ಊತ ಬರುತ್ತದೆ, ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ಇಳಿಯುತ್ತದೆ. ಗೆಳೆಯರು ಗೇಲಿ ಮಾಡುತ್ತಾರೆಂದು ಹಾಕಿ ಆಡುವುದನ್ನೇ ಬಿಟ್ಟ ಹುಡುಗನ ಹಿಂದೆ ಇದೇ ಕಾರಣ ಇರಬಹುದು, ಕೇಳಿ ನೋಡಿ.

ಮೂರನೆಯದು ತುರ್ತು. ವೃಷಣದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದು, ವಾಂತಿಯೂ ಬಂದರೆ, ಒಳಗಿನ ನಾಳ ತಿರುಚಿಕೊಂಡಿರಬಹುದು. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಆ ವೃಷಣ ಉಳಿಯುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಹುಡುಗರು ನಾಚಿಕೆಯಿಂದ ಬೆಳಗಿನವರೆಗೆ ಸಹಿಸಿಕೊಂಡು ಮಲಗಿಬಿಡುತ್ತಾರೆ. ಶ್ರೀಮಂಗಲ, ಭಾಗಮಂಡಲ ಕಡೆಯ ಒಳತೋಟದಿಂದ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆ ಸೇರುವುದಕ್ಕೇ ಹೊತ್ತು ಹಿಡಿಯುತ್ತದೆ. "ಅಲ್ಲಿ ನೋವು ಬಂದರೆ ನಡುರಾತ್ರಿಯಾದರೂ ಎಬ್ಬಿಸು" ಎಂದು ಮೊದಲೇ ಹೇಳಿಡಿ.

ರಕ್ತ, ಕಾಫಿ, ನೀಲಿ ಮಾತ್ರೆ

ಹದಿಹರೆಯದಲ್ಲಿ ಕಬ್ಬಿಣದ ಅಗತ್ಯ ಏರುತ್ತದೆ. ಹುಡುಗಿಗೆ ಮುಟ್ಟಿನಿಂದ, ಹುಡುಗನಿಗೆ ಸ್ನಾಯು ಬೆಳೆಯುವುದರಿಂದ. 12 ದಾಟಿದ ಹುಡುಗಿಯರಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಹುಡುಗರಿಗೂ 14ರವರೆಗೆ ಅದೇ ಲೆಕ್ಕ, 15ರ ಮೇಲೆ 13 ಗ್ರಾಂ. ಶಾಲೆ, ಅಂಗನವಾಡಿಗಳಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದು 10ರಿಂದ 19ರ ಎಲ್ಲರಿಗೆ, ಗಂಡುಮಕ್ಕಳಿಗೂ. ವರ್ಷಕ್ಕೆರಡು ಸಲ 400 ಮಿ.ಗ್ರಾಂ ಆಲ್ಬೆಂಡಜೋಲ್ ಹುಳದ ಮಾತ್ರೆ. ಬರಿಗಾಲಲ್ಲಿ ತೋಟ ತಿರುಗುವ ಮಕ್ಕಳಿಗೆ ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಹೋಗಿ ಕರುಳಿನಲ್ಲಿ ರಕ್ತ ಹೀರುತ್ತದೆ. ಆಗ ಕಬ್ಬಿಣ ಎಷ್ಟು ಕೊಟ್ಟರೂ ಸೋರಿಹೋಗುತ್ತದೆ, ಅದಕ್ಕೇ ಎರಡೂ ಮಾತ್ರೆ ಬೇಕು.

ಮಾತ್ರೆ ಕೆಲಸ ಮಾಡದಿರಲು ನಮ್ಮಲ್ಲಿ ದೊಡ್ಡ ಕಾರಣ ಕಾಫಿ. ಬೆಲ್ಲದ ಕಾಫಿ ಕುಡಿದರೆ ರಕ್ತ ಹೆಚ್ಚುತ್ತದೆ ಎಂದು ನಂಬುವವರಿದ್ದಾರೆ. ಬೆಲ್ಲದಲ್ಲಿರುವ ಸ್ವಲ್ಪ ಕಬ್ಬಿಣವನ್ನೂ ಮೈ ಹೀರದಂತೆ ಕಾಫಿ ತಡೆಯುತ್ತದೆ, ಚಹಾ ಇನ್ನೂ ಹೆಚ್ಚು ತಡೆಯುತ್ತದೆ. ಊಟಕ್ಕೂ ಕಾಫಿಗೂ ಒಂದರಿಂದ ಎರಡು ಗಂಟೆ ಅಂತರವಿರಲಿ. ಮಾತ್ರೆಯನ್ನು ಊಟದ ನಂತರ ನೀರಿನಲ್ಲಿ ನುಂಗಿಸಿ, ಹಾಲಿನಲ್ಲಿ ಬೇಡ. ಜೊತೆಗೆ ಕಿತ್ತಳೆ, ನಿಂಬೆ, ನೆಲ್ಲಿಕಾಯಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾಗುವುದನ್ನು ಕಂಡು ನಿಲ್ಲಿಸುವವರಿದ್ದಾರೆ, ಅದು ಮಾತ್ರೆಯ ಬಣ್ಣವಷ್ಟೇ. ಹಂದಿ, ಮೀನು ಬಡಿಸುವಾಗ ತಟ್ಟೆ ನೋಡಿಕೊಳ್ಳಿ: ಒಳ್ಳೆಯ ತುಂಡು ಮಗನಿಗೆ, ಗಸಿ ಮಗಳಿಗೆ ಹೋಗುವ ಮನೆಯಲ್ಲಿ ರಕ್ತ ಕಡಿಮೆಯಾಗುವುದು ಮಗಳಿಗೇ.

10ನೇ ಮತ್ತು 16ನೇ ವಯಸ್ಸಿನಲ್ಲಿ ಟಿ.ಡಿ. (ಧನುರ್ವಾಯು, ಡಿಫ್ತೀರಿಯಾ ತಡೆಯುವ) ಲಸಿಕೆ ಇಬ್ಬರಿಗೂ ಬೇಕು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ 9ರಿಂದ 14ರ ನಡುವಿನ ವಯಸ್ಸು ಅತ್ಯುತ್ತಮ.

ಕೆಲಸ ಹಂಚುವುದು

ದೇಶದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ ಎಂದು ಕಂಡುಬಂತು. ನಿಮ್ಮ ಮನೆಯ ಲೆಕ್ಕ ಬೇಕಿದ್ದರೆ ಒಂದು ವಾರ ಅಡುಗೆಮನೆ ಬಾಗಿಲಿಗೆ ಹಾಳೆ ಅಂಟಿಸಿ. ಯಾರು ಏನು ಮಾಡಿದರು, ಎಷ್ಟು ನಿಮಿಷ ಎಂದು ಎಲ್ಲರೂ ಬರೆಯಲಿ. ಭಾನುವಾರ ಮಕ್ಕಳೇ ಕೂಡಿಸಲಿ. ಬೈಗುಳಕ್ಕಿಂತ ಆ ಮೊತ್ತ ಚೆನ್ನಾಗಿ ಕೆಲಸ ಮಾಡುತ್ತದೆ.

ಆಮೇಲೆ ವಯಸ್ಸಿಗೆ ತಕ್ಕಂತೆ ಹಂಚಿ. ಹತ್ತರಿಂದ ಹನ್ನೆರಡು: ತನ್ನ ಒಳಉಡುಪು ತಾನೇ ಒಗೆಯುವುದು, ತಟ್ಟೆ ತೊಳೆಯುವುದು, ಹಾಸಿಗೆ ಮಡಚುವುದು, ಕೋಳಿಗೂಡು. ಹದಿಮೂರರಿಂದ ಹದಿನೈದು: ಒಂದು ಲೋಟ ಅಕ್ಕಿಗೆ ಎರಡು, ಎರಡೂವರೆ ಲೋಟ ನೀರಿಟ್ಟು ಅನ್ನ ಮಾಡುವುದು, ಒಂದು ಸಾರು, ಅಕ್ಕಿ ರೊಟ್ಟಿ, ಬಚ್ಚಲು ತೊಳೆಯುವುದು, ಅಜ್ಜ-ಅಜ್ಜಿಯ ಮಾತ್ರೆ ನೋಡಿಕೊಳ್ಳುವುದು. ಹದಿನಾರರ ಮೇಲೆ: ಪಂಪ್‌ಸೆಟ್ ಸ್ಟಾರ್ಟ್ ಮಾಡುವುದು, ಫ್ಯೂಸ್ ಹಾಕುವುದು, ಗ್ಯಾಸ್ ಬದಲಿಸುವುದು, ಬ್ಯಾಂಕಿನ ಚಲನ್ ತುಂಬುವುದು, ಕಾಫಿ ಮಾರಾಟದ ಲೆಕ್ಕ. ಈ ಪಟ್ಟಿಯಲ್ಲಿ ಹುಡುಗನ ಕಾಲಂ, ಹುಡುಗಿಯ ಕಾಲಂ ಎಂದಿಲ್ಲ. ಹಬ್ಬಕ್ಕೆ ಪಂದಿಕರಿ ಮಾಡುವ ಗಂಡಸರು ನಮ್ಮಲ್ಲಿ ಕಡಿಮೆಯೇನಿಲ್ಲ, ದಿನದ ಅನ್ನ-ಸಾರಿಗೆ ನಿಲ್ಲುವವರು ಕಡಿಮೆ. ಮಗನಿಗೆ ಕಲಿಸಬೇಕಾದ್ದು ಆ ದಿನದ ಅಡುಗೆಯನ್ನು.

ಮಗಳಿಗೆ ಕಾಫಿ ಲೆಕ್ಕ ಕಲಿಸುವುದನ್ನು ಮರೆಯಬೇಡಿ. 50 ಕೆ.ಜಿ. ಚೀಲಕ್ಕೆ ದರ ಎಷ್ಟು, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಉಳಿಯುವ ಬೇಳೆಯ ತೂಕ) ಎಷ್ಟು ಬಂತು, ತೇವಕ್ಕೆ ಎಷ್ಟು ಕಳೆದರು, ಈ ಮೂರನ್ನು ಅಂಗಡಿಯ ಚೀಟಿಯಲ್ಲಿ ಅವಳೇ ಓದಲಿ. ಗಂಡನೋ ಅಪ್ಪನೋ ತೀರಿಕೊಂಡ ಮೇಲೆ ತೋಟದ ಹೆಣ್ಣುಮಕ್ಕಳು ಕಂಗಾಲಾಗುವುದು ದುಡಿಯಲು ಬಾರದ್ದಕ್ಕಲ್ಲ. ಪಹಣಿ ಎಲ್ಲಿದೆ, ಸಾಲ ಎಷ್ಟಿದೆ, ಕಾಫಿ ಯಾರ ಗೋದಾಮಿನಲ್ಲಿದೆ ಎಂದು ಯಾರೂ ಹೇಳಿರದ ಕಾರಣಕ್ಕೆ.

ಕೆಲಸ ಹಂಚಿದ ಎರಡೇ ವಾರಕ್ಕೆ ವ್ಯವಸ್ಥೆ ಬಿದ್ದುಹೋಗುವುದು ಎಲ್ಲಿ? ಮೊದಲನೆಯದಾಗಿ, ಮೊಮ್ಮಗ ತಟ್ಟೆ ತೊಳೆಯುವುದನ್ನು ಅಜ್ಜಿ ಸಹಿಸುವುದಿಲ್ಲ, ಕೈಯಿಂದ ಕಿತ್ತುಕೊಳ್ಳುತ್ತಾರೆ. ಅವರೊಡನೆ ಜಗಳ ಬೇಡ. "ನಾಳೆ ಬೆಂಗಳೂರಲ್ಲಿ ಒಬ್ಬನೇ ಇರುವಾಗ ಉಪವಾಸ ಬೀಳಬಾರದಲ್ಲ ಅತ್ತೆ, ನೀವೇ ರೊಟ್ಟಿ ತಟ್ಟುವುದು ಕಲಿಸಿ" ಎಂದು ಅವರನ್ನೇ ಗುರು ಮಾಡಿ. ಎರಡನೆಯದು, ಅಪ್ಪ ಕುರ್ಚಿಯಿಂದ ಏಳದಿದ್ದರೆ ಮಗ ಹೆಚ್ಚೆಂದರೆ ಹತ್ತು ದಿನ ಮಾಡುತ್ತಾನೆ. ಮೂರನೆಯದು ಸೂಕ್ಷ್ಮ: ಹುಡುಗನಿಗೆ ಬಿಡಿ ಬಿಡಿ ಕೆಲಸ ಹೇಳಿ, ಇಡೀ ಜವಾಬ್ದಾರಿಯನ್ನು ಅಮ್ಮನ ತಲೆಯ ಮೇಲೇ ಉಳಿಸುವುದು. ಬುಧವಾರದ ರಾತ್ರಿ ಊಟ ಅವನದು ಎಂದರೆ ಅಕ್ಕಿ ಮುಗಿದಿದೆಯೇ ನೋಡುವುದು, ಸೊಪ್ಪು ತರುವುದು, ಕೊನೆಗೆ ಒಲೆ ಒರೆಸುವುದೂ ಅವನದೇ. ಅನ್ನ ಮುದ್ದೆಯಾದರೆ ಮುದ್ದೆಯನ್ನೇ ಉಣ್ಣಿ, ಎದ್ದು ಹೋಗಿ ಸರಿಮಾಡಬೇಡಿ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ಲೈನ್ ಮನೆಗಳಲ್ಲಿ ದೊಡ್ಡ ಹುಡುಗಿಯನ್ನು ತಮ್ಮ-ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಸುವುದು, ದೊಡ್ಡ ಹುಡುಗನನ್ನು ಚೀಲ ಹೊರಲು ಕರೆದೊಯ್ಯುವುದು ಆಗಲೇ. ಇಬ್ಬರೂ ಶಾಲೆ ಬಿಡುವ ದಾರಿ ಅದು. 14ರೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ತೋಟದ ಮಾಲೀಕರು ಕೊಯ್ಲಿನ ದಿನಗಳಲ್ಲಿ ಮಗು ನೋಡಿಕೊಳ್ಳಲು ಒಬ್ಬರನ್ನು ಕೂಲಿ ಕೊಟ್ಟು ಕೂರಿಸಿದರೆ ಹುಡುಗಿಯರ ಹಾಜರಿ ಉಳಿಯುತ್ತದೆ.

ಮನಸ್ಸು, ಬೈಕು, ಬಾಟಲಿ

ಮುಂದಾಲೋಚನೆ ಮಾಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ. ರೋಮಾಂಚನ ಬೇಡುವ ಭಾಗ ಅದಕ್ಕೆ ಬಹಳ ಮೊದಲೇ ಚುರುಕಾಗುತ್ತದೆ. ಒಬ್ಬನೇ ಇದ್ದಾಗ ಸರಿಯಾಗಿ ಯೋಚಿಸುವ ಹುಡುಗ ಗೆಳೆಯರು ಹಿಂದೆ ಕೂತಾಗ ತಿರುವಿನಲ್ಲಿ ಬೈಕು ಬಗ್ಗಿಸುವುದು ಇದಕ್ಕೇ. 18 ತುಂಬದವರ ಕೈಗೆ ಬೈಕು ಕೊಟ್ಟರೆ 2019ರ ತಿದ್ದುಪಡಿಯಂತೆ ತಂದೆ-ತಾಯಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮದುವೆಮನೆಯಲ್ಲಿ, ಹಬ್ಬದಲ್ಲಿ "ಗಂಡು ಹುಡುಗ, ಒಂದು ಪೆಗ್ ಪರವಾಗಿಲ್ಲ" ಎನ್ನುವ ಮಾವಂದಿರಿಗೆ ಅಪ್ಪನೇ ಎಲ್ಲರೆದುರು ಬೇಡ ಎನ್ನಬೇಕು. ಎಷ್ಟು ಚಿಕ್ಕ ವಯಸ್ಸಿನಲ್ಲಿ ಕುಡಿತ ಶುರುವಾಗುತ್ತದೋ ಮುಂದೆ ಚಟವಾಗುವ ಅಪಾಯ ಅಷ್ಟು ಹೆಚ್ಚು.

13ರಿಂದ 18ರವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಫೋನು ರಾತ್ರಿ ನಡುಮನೆಯಲ್ಲೇ ಚಾರ್ಜ್ ಆಗಲಿ, ಅಪ್ಪ-ಅಮ್ಮನದ್ದೂ.

ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಊಟ-ನಿದ್ದೆ ಕೆಟ್ಟಿದ್ದರೆ, ಇಷ್ಟದ ಆಟ ಬಿಟ್ಟಿದ್ದರೆ ನೇರವಾಗಿ ಕೇಳಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೆಣ್ಣುಮಕ್ಕಳು ಅಳುತ್ತಾರೆ, ಗಂಡುಮಕ್ಕಳಲ್ಲಿ ಅದೇ ದುಃಖ ಎಷ್ಟೋ ಸಲ ಸಿಟ್ಟಾಗಿ, ಕುಡಿತವಾಗಿ ಕಾಣುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ, ದಿನದ ಯಾವ ಹೊತ್ತಿನಲ್ಲೂ ಮಾತಾಡಬಹುದು. ಮಕ್ಕಳ ಮೇಲೆ ದೌರ್ಜನ್ಯವಾದರೆ ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಯುವ 2012ರ ಪೋಕ್ಸೊ ಕಾಯ್ದೆ 18ರೊಳಗಿನ ಗಂಡುಮಗುವಿಗೂ ಅಷ್ಟೇ ರಕ್ಷಣೆ ಕೊಡುತ್ತದೆ.

ಹುಡುಗ ಹುಡುಗಿಯಂತೆ, ಹುಡುಗಿ ಹುಡುಗನಂತೆ ಇರಲು ಬಯಸಿದರೆ ಹೊಡೆದು ತಿದ್ದಲಾಗದು. ಹೊಡೆತದಿಂದ ಮಗು ಮನೆ ಬಿಡುತ್ತದೆ, ಅಷ್ಟೇ. ತನ್ನ ಲಿಂಗ ಗುರುತನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಮಗು ಹೇಳುವುದನ್ನು ಕೇಳಿ, ಬೇಕಾದರೆ ಮನೋವೈದ್ಯರ ನೆರವು ಪಡೆಯಿರಿ.

ಹದಿನೆಂಟು ದಾಟಿದ ಮೇಲೆ

ಮದುವೆಗೆ ಕಾನೂನಿನ ವಯಸ್ಸು ಹೆಣ್ಣಿಗೆ 18, ಗಂಡಿಗೆ 21. ಅದು ಕನಿಷ್ಠ ಮಿತಿಯಷ್ಟೇ. ಓದು ಮುಗಿದು ಕೈಯಲ್ಲೊಂದು ಸಂಪಾದನೆ ಬಂದ ಮೇಲೆ ಮಾತು ಶುರುವಾಗಲಿ. ನಿಶ್ಚಯಕ್ಕೆ ಮೊದಲು ಹುಡುಗ-ಹುಡುಗಿ ಇಬ್ಬರೇ ಕೂತು ತೀರ್ಮಾನಿಸಬೇಕಾದ ಕೆಲವು ಪ್ರಶ್ನೆಗಳಿವೆ. ಯಾರ ಊರಿನಲ್ಲಿ ಇರುವುದು? ವರ್ಗವಾದರೆ ಯಾರು ಕೆಲಸ ಬಿಡುವುದು, ಏಕೆ? ಇಬ್ಬರ ಅಪ್ಪ-ಅಮ್ಮನಿಗೂ ಕಾಯಿಲೆ ಬಿದ್ದರೆ ನೋಡುವವರು ಯಾರು? ಸಾಲ ಎಷ್ಟಿದೆ? ಮಗು ಯಾವಾಗ, ರಾತ್ರಿ ಎದ್ದು ಮಗುವನ್ನು ನೋಡುವವರು ಯಾರು? ಉತ್ತರ ಹೇಗಿದ್ದರೂ ಸರಿ, ಕೇಳದೆ ಮದುವೆಯಾದ ಮೇಲೆ ಇವೇ ಜಗಳವಾಗುತ್ತವೆ. ಕೊಡವ ಪದ್ಧತಿಯಲ್ಲೇ ಗಂಡು ಹೆಂಡತಿಯ ಒಕ್ಕಕ್ಕೆ (ಮನೆತನಕ್ಕೆ) ಸೇರುವ ಒಕ್ಕಪರಿಜೆ ಇದೆ. ಹೆಣ್ಣೇ ಮನೆ ಬಿಟ್ಟು ಬರಬೇಕು ಎಂಬುದಕ್ಕೆ ಹಿರಿಯರೂ ಬೇರೆ ದಾರಿ ಇಟ್ಟಿದ್ದರು.

ಯರವ, ಜೇನುಕುರುಬ, ಬೆಟ್ಟಕುರುಬ ಮುಂತಾದ ಬುಡಕಟ್ಟು ಕುಟುಂಬಗಳವರು ಮದುವೆಗೆ ಮೊದಲು ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತರೋಗದ ಪರೀಕ್ಷೆ ಮಾಡಿಸಬೇಕು. ಇಬ್ಬರೂ ವಾಹಕರಾಗಿದ್ದರೆ (ತಮಗೆ ರೋಗವಿಲ್ಲದೆ ಅದರ ಗುಣ ಮಾತ್ರ ಹೊತ್ತಿದ್ದರೆ) ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಆಸ್ತಿಯ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಜಮ್ಮಾ ಜಾಗದಲ್ಲಿ, ಅಂದರೆ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಕೊಡಗಿನ ಜಮೀನಿನಲ್ಲಿ, ಎಷ್ಟೋ ಕಡೆ ಪಹಣಿಯ ಹೆಸರು ಪಟ್ಟೆದಾರರದ್ದಾಗಿರುವುದರಿಂದ (ಮನೆತನದ ಹಿರಿಯರದ್ದಾಗಿರುವುದರಿಂದ) ಪಾಲಿನ ಲೆಕ್ಕ ಗೋಜಲಾಗುತ್ತದೆ. ಹಿರಿಯರು ಇರುವಾಗಲೇ ಮಗ-ಮಗಳು ಇಬ್ಬರನ್ನೂ ಕೂರಿಸಿ ಕಾಗದ ಮಾಡಿಸಿಡಿ.

ಮಗು ಬೇಕೆಂದು ನಿರ್ಧರಿಸಿದ ಮೇಲೆ, ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕು. ತೋಟದಲ್ಲಿ ದುಡಿಯುವ ಹೆಂಗಸರಿಗೂ ಹೆರಿಗೆ ರಜೆ ಸಲ್ಲುತ್ತದೆ: ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ, ಸಂಬಳ ಸಹಿತ. ಹಾಜರಿ ಪುಸ್ತಕದಲ್ಲಿ ಗಂಡನ ಹೆಸರಲ್ಲೇ ಇಬ್ಬರ ಕೂಲಿ ಬರೆದರೆ ಈ ಹಕ್ಕು ಕೈತಪ್ಪುತ್ತದೆ, ಅವಳ ಹೆಸರು ಬೇರೆ ಸಾಲಿನಲ್ಲಿ ಇರಲೇಬೇಕು.

ಮಕ್ಕಳು ಸಾಕು ಎಂದಾಗ ಆಪರೇಷನ್ ಹೆಂಗಸಿಗೇ ಎಂದು ನಮ್ಮಲ್ಲಿ ನಿಶ್ಚಯವಾದಂತಿದೆ. ಗಂಡಸಿನದ್ದು ಇದಕ್ಕಿಂತ ಸುಲಭ. ಜಾಗ ಮರಗಟ್ಟಿಸಿ, ಹೊಟ್ಟೆ ಕೊಯ್ಯದೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಅದೇ ದಿನ ಮನೆಗೆ ಬರಬಹುದು. ಶಕ್ತಿಯಾಗಲಿ ಕಾಮವಾಗಲಿ ಕುಂದುವುದಿಲ್ಲ, ಏಕೆಂದರೆ ಹಾರ್ಮೋನು ರಕ್ತದ ದಾರಿಯಲ್ಲಿ ಹೋಗುತ್ತದೆ, ಕತ್ತರಿಸಿದ ನಾಳದಲ್ಲಲ್ಲ. ತಪ್ಪಾಗುವುದು ಒಂದೇ ಕಡೆ: ಮೊದಲ ಮೂರು ತಿಂಗಳು ನಾಳದಲ್ಲಿ ಉಳಿದ ವೀರ್ಯಾಣು ಇರುತ್ತವೆ. ಪರೀಕ್ಷೆಯಲ್ಲಿ ಇಲ್ಲವೆಂದು ಖಚಿತವಾಗುವವರೆಗೆ ಕಾಂಡೋಮ್ ಬಿಡಬಾರದು.

ಮೂವತ್ತಾದ ಮೇಲೆ ಗಂಡ-ಹೆಂಡತಿ ಇಬ್ಬರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ, ಬಾಯಿಯ ತಪಾಸಣೆ ಮಾಡಿಸಬೇಕು. ಹೆಂಗಸರಿಗೆ ಸ್ತನ, ಗರ್ಭಕಂಠದ ತಪಾಸಣೆಯೂ ಸೇರಿ. ಮುಟ್ಟು ನಿಲ್ಲುವುದು ನಮ್ಮ ದೇಶದಲ್ಲಿ ಸರಾಸರಿ 46-47ರ ಹೊತ್ತಿಗೆ. ಹನ್ನೆರಡು ತಿಂಗಳು ಪೂರ್ತಿ ಬಾರದಿದ್ದರೆ ನಿಂತಿತು ಎಂದರ್ಥ. ಮೈ ಬಿಸಿಯೇರುವುದು, ನಿದ್ದೆ ಹಾರುವುದು, ಸಿಟ್ಟು ಇವೆಲ್ಲ ಅದರ ಭಾಗ ಎಂದು ಗಂಡನಿಗೂ ಬೆಳೆದ ಮಕ್ಕಳಿಗೂ ತಿಳಿದಿರಲಿ. ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಕೊಯ್ಲು ಮುಗಿಯಲಿ ಎನ್ನದೆ ಆ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಿ.